ದರ್ಜಿಯ ಒಂದೇ ಬಟ್ಟಲು

ಡ್ರೆಸ್ಸಿಂಗ್ ಕೋಣೆಯ ನರ್ಸಿಗೆ ‘ಪಾತ್ರೆ ಸಿಸ್ಟರ್’ ಎಂಬ ಹೆಸರು ಅಂಟಿದ್ದು ಒಬ್ಬ ದರ್ಜಿಯ ದೆಸೆಯಿಂದ. ಅವನಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಲ್ಲಿ ಆದ ಹುಣ್ಣು ಏನು ಮಾಡಿದರೂ ಮಾಯುತ್ತಿರಲಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳನ್ನೇ ತೆಗೆಯಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹೊಲಿಗೆ ಮಷೀನು ತುಳಿದು ಸಂಸಾರ ಸಾಕುವ ಕಾಲು ಅದು.

“ಹೊತ್ತಿಗೆ ಒಂದೇ ಬಟ್ಟಲು ಅನ್ನ ಸಿಸ್ಟರಮ್ಮ, ನಿಮ್ಮ ಪಥ್ಯದ ಚೀಟೀಲಿ ಇದ್ದ ಹಾಗೇ” ಎಂದು ದರ್ಜಿ ಆಣೆ ಇಟ್ಟ.

“ಆ ಬಟ್ಟಲನ್ನೇ ನಾಳೆ ತನ್ನಿ ಯಜಮಾನ್ರೇ” ಎಂದಳು ನರ್ಸು.

ಮರುದಿನ ಅವನ ಜೊತೆ ಬಂದ ಹೆಂಡತಿ ಬಟ್ಟಲನ್ನು ಕೂಸಿನಂತೆ ಕಂಕುಳಲ್ಲಿ ಹೊತ್ತು ತಂದಳು. ನರ್ಸು ಆಸ್ಪತ್ರೆಯ ಪುಟ್ಟ ಬಟ್ಟಲಿನಿಂದ ಅದಕ್ಕೆ ನೀರು ಸುರಿದೇ ಸುರಿದಳು. ಐದು ಬಟ್ಟಲು ನೀರು ಹಿಡಿಯಿತು.

“ಇಷ್ಟು ದೊಡ್ಡದು ಬೇಡ ಅಂತ ನಾನು ಬಡ್ಕೊಂಡೆ ಕಣಮ್ಮ. ‘ಎಣಿಸು, ಒಂದೇ ತಾನೇ’ ಅಂತ ಇವರು ನನ್ನ ಬಾಯಿ ಮುಚ್ಚಿಸಿದ್ರು” ಎಂದಳು ಹೆಂಡತಿ.

ನರ್ಸಿಗೆ ನಗು ಉಕ್ಕಿತು, ಜೊತೆಗೇ ನಾಚಿಕೆಯೂ ಆಯಿತು. ಚೀಟಿ ಬರೆದವಳು ಅವಳೇ. ಬಟ್ಟಲು ಎಂದು ಬರೆದಿದ್ದಳೇ ಹೊರತು ಎಷ್ಟು ದೊಡ್ಡದೆಂದು ತೋರಿಸಿರಲಿಲ್ಲ. ಪುಟ್ಟ ಬಟ್ಟಲನ್ನು ದರ್ಜಿಯ ಕೈಗಿಟ್ಟು, “ಇದರಲ್ಲಿ ಒಂದು ಅನ್ನ, ಒಂದು ಬೇಳೆ, ಎರಡು ತರಕಾರಿ” ಎಂದು ತಿಳಿಹೇಳಿದಳು. ಅಂದಿನಿಂದ ಸಕ್ಕರೆ ಕಾಯಿಲೆಯವರು ಯಾರೇ ಬರಲಿ, ಮೊದಲು ಅವರು ಮನೆಯಲ್ಲಿ ಉಣ್ಣುವ ಪಾತ್ರೆ ತರಿಸುವುದು ಅವಳ ಪದ್ಧತಿಯಾಯಿತು.

ಎರಡು ತಿಂಗಳಲ್ಲಿ ಸಕ್ಕರೆ ಇಳಿದು ದರ್ಜಿಯ ಹುಣ್ಣು ಒಣಗಿತು.

“ಬೆರಳು ಉಳೀತು ಸಿಸ್ಟರಮ್ಮ. ಹೊಟ್ಟೆ ಮಾತ್ರ ನಿಮಗೆ ಹಿಡಿಶಾಪ ಹಾಕ್ತಿದೆ.”

“ಹಾಕ್ಲಿ ಬಿಡಿ. ನೀವು ಹೋಗಿ ಮಷೀನು ತುಳೀರಿ” ಎಂದು ಅವಳು ಮುಂದಿನವರನ್ನು ಕರೆದಳು.