ಉಪದೇಶಿಗಳು ಹತ್ತಿದ ಬಸ್ಸು

ಕೋಪ ಬಂದರೆ ಉಪದೇಶಿಗಳ ಕಿವಿಗಳು ಮೊದಲು ಕೆಂಪಾಗುತ್ತಿದ್ದವು, ಮುಖ ಆಮೇಲೆ. ಬೋಳುತಲೆಯ ಎರಡೂ ಬದಿಗೆ ಯಾರೋ ದಾಸವಾಳ ಸಿಕ್ಕಿಸಿದ ಹಾಗೆ ಕಾಣುತ್ತಿತ್ತು. ಸಾಗರದ ನಮ್ಮ ಸಣ್ಣ ಚರ್ಚಿನಲ್ಲಿ ಗಂಟೆ ಹೊಡೆಯುವವರು, ಹಾಡು ಎತ್ತಿಕೊಡುವವರು, ಪ್ರಸಂಗ ಮಾಡುವವರು ಎಲ್ಲ ಅವರೇ. ಪಾದ್ರಿಗಳು ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಬಂದು, ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನ ನಡೆಸಿ ಹೋಗುತ್ತಿದ್ದರು.

ಕಿವಿ ಬಿಸಿಯಾದ ತಕ್ಷಣ ಉಪದೇಶಿಗಳು ಬಾವಿಕಟ್ಟೆಗೆ ಹೋಗಿ ತಲೆಗೆ ಒಂದು ಕೊಡ ನೀರು ಸುರಿದುಕೊಂಡು ಬರುತ್ತಿದ್ದರು. "ಒಳಗಿರೋನು ಎದ್ದಿದ್ದ ಮಾರಾಯ," ಎನ್ನುತ್ತಿದ್ದರು, ನೆಂಟರ ಸುದ್ದಿ ಹೇಳುವ ಹಾಗೆ. ಪಾಪಸ್ವಭಾವ ಎಂಬ ದೊಡ್ಡ ಮಾತು ಭಾನುವಾರಕ್ಕೆ ಮಾತ್ರ; ವಾರದ ದಿನಗಳಲ್ಲಿ ಅದು 'ಒಳಗಿರೋನು'. "ನಾವು ಏಳೋಕೆ ಮುಂಚೆ ಅವನಿಗೆ ಎಚ್ಚರ ಆಗಿರುತ್ತೆ. ಅದಕ್ಕೇ ಕಣೋ ಬೆಳಗಿನ ಪ್ರಾರ್ಥನೆ."

ನಾನಾಗ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯುತ್ತ, ಗಿರಾಕಿ ಬೆನ್ನು ತಿರುಗಿಸಿದ ಕೂಡಲೇ ಅವರ ಹಾಗೆ ನಡೆದು ತೋರಿಸುವ ಪುಂಡ. ಪಾದ್ರಿಗಳ ಮೂಗಿನ ದನಿ ಅವರಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು. ನನ್ನನ್ನೂ ಬಿಟ್ಟವನಲ್ಲ. ಹುಡುಗಿಯರ ಎದುರು ನಾನು ತೊದಲುವುದನ್ನು ಹುಡುಗಿಯರಿಗೇ ಅಭಿನಯಿಸಿ ತೋರಿಸಲು ಹೋಗಿದ್ದೆ. ಅಭಿನಯವೂ ತೊದಲಿತು.

ಉಪದೇಶಿಗಳ ಒಂದು ಸಂಗತಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಭೋಜನದ ಮೇಜಿಗೆ ಬಿಳಿಬಟ್ಟೆ ಹಾಸಿ ರೊಟ್ಟಿ ಅಣಿಮಾಡುವ ಅವರು, ತಾವು ಮಾತ್ರ ಅದನ್ನು ತೆಗೆದುಕೊಳ್ಳದೆ ಬಾಗಿಲ ಬಳಿ ನಿಂತುಬಿಡುತ್ತಿದ್ದರು. ಜಗಳ ಇಟ್ಟುಕೊಂಡವರು ರಾಜಿಯಾಗದೆ ಆ ರೊಟ್ಟಿ ಮುಟ್ಟಬಾರದು ಎಂಬುದು ನಮ್ಮ ಕಟ್ಟು. ಉಪದೇಶಿಗಳ ಜಗಳ ಸ್ವಂತ ತಮ್ಮನ ಜೊತೆ. ತಾಯಿ ಬ್ಯಾಕೋಡಿನ ಕಡೆ ಆ ತಮ್ಮನ ಮನೆಯಲ್ಲಿ ತೀರಿಕೊಂಡಾಗ, ಅವನು ಅಣ್ಣನಿಗೆ ಹೇಳಿ ಕಳಿಸದೆ ಮಣ್ಣು ಮಾಡಿಬಿಟ್ಟಿದ್ದ. ಮರುವರ್ಷ ಶರಾವತಿಯ ಹಿನ್ನೀರು ಏರಿ ಸಮಾಧಿಯೂ ಮುಳುಗಿತು. ಹೆತ್ತವಳ ಗುಂಡಿಗೆ ಒಂದು ಹಿಡಿ ಮಣ್ಣು ಹಾಕುವುದು ಮಕ್ಕಳ ಪಾಲು. ಉಪದೇಶಿಗಳಿಗೆ ಆ ಪಾಲು ಇನ್ನೆಂದೂ ಸಿಗುವಂತಿರಲಿಲ್ಲ. ಊರು ಮುಳುಗಿದ ಮೇಲೆ ತಮ್ಮ, ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರನಾದ. ಆ ಬಸ್ಸು ಬಂದರೆ ಉಪದೇಶಿಗಳು ಬೆನ್ನು ಹಾಕಿ ನಿಂತು ಮುಂದಿನದಕ್ಕೆ ಕಾಯುತ್ತಿದ್ದರು.

ಭೋಜನದ ಹಿಂದಿನ ಒಂದು ಶನಿವಾರ. ಹೊಸನಗರದ ನಮ್ಮವರನ್ನು ಆರಾಧನೆಗೆ ಕರೆಯಲು ಅವರು ಹೊರಟಿದ್ದರು. ತೀರ್ಥಹಳ್ಳಿಯ ಅತ್ತೆಯ ಮನೆಗೆ, ರಾತ್ರಿಯೊಳಗೆ ಮರಳುವ ಲೆಕ್ಕದಲ್ಲಿ, ನಾನು. ತಮ್ಮನ ಬಸ್ಸು ಬಂತು. ಉಪದೇಶಿಗಳು ಬೆನ್ನು ಹಾಕಿದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಮೊದಲು ಕಂಡಕ್ಟರನಾದೆ: "ರೈಟ್, ರೈಟ್! ಯಾರ್ರೀ ಅದು, ಬೆನ್ನೊಂದೇ ಬರುತ್ತಾ, ಮುಖಾನೂ ಬರುತ್ತಾ?" ಆಮೇಲೆ ಎದೆಯುಬ್ಬಿಸಿ ಉಪದೇಶಿಗಳಾದೆ: "ಪ್ರಿಯರೇ! ನಿಮ್ಮ ಸಹೋದರನನ್ನು ಕ್ಷಮಿಸಿರಿ! ಕ್ಷಮಿಸಿ... ಮುಂದಿನ ಬಸ್ಸು ಹತ್ತಿರಿ!"

ನಿಲ್ದಾಣವೆಲ್ಲ ನಕ್ಕಿತು. ದಾಸವಾಳ ಅರಳಿತು. ಹತ್ತಿರದಲ್ಲಿ ಬಾವಿ ಇರಲಿಲ್ಲ.

"ಇನ್ನೊಂದ್ಸಲ ಮಾಡು," ಎಂದರು.

"ಬೇಡ ಉಪದೇಶಿಗಳೇ, ತಮಾಷೆಗೆ..."

"ಮಾಡೋ!"

ಮಾಡಿದೆ, ಅರ್ಧ ದನಿಯಲ್ಲಿ. ಅವರು ಕಣ್ಣು ಮುಚ್ಚಿ ಕೇಳಿದರು. "ನಾನು ಹೀಗೇ ಕೇಳಿಸ್ತೀನಾ?"

"ಹೀಗೇ."

"ಒಳಗಿರೋನು ಸಿಟ್ಟು ಮಾತ್ರ ಮಾಡ್ತಾನೆ ಅಂದ್ಕೊಂಡಿದ್ದೆ ಮಾರಾಯ. ಪ್ರಸಂಗಾನೂ ಅವನೇ ಮಾಡ್ತಿದ್ದ!" ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತೇಬಿಟ್ಟರು. ಹಿಂದೆಯೇ ನಾನೂ ಓಡಿದೆ.

ಬಸ್ಸು ಹೊರಟ ಮೇಲೆ ತಮ್ಮ ಬಂದು, ಮುಖ ನೋಡದೆ ಕೇಳಿದ: "ಎಲ್ಲಿಗೆ?"

"ನಿನ್ನ ಹತ್ರಕ್ಕೇ. ಅಮ್ಮ ಹೋಗುವಾಗ ನನ್ನ ಕೇಳಿದ್ಲಾ?"

ತಮ್ಮ ಕಂಬ ಹಿಡಿದು ನಿಂತ. "ಕೇಳಿದ್ಲು. ನಾನೇ ಬೇಕಂತ ಹೇಳಿ ಕಳಿಸ್ಲಿಲ್ಲ ಅಣ್ಣ. ನೀ ಬಂದ್ರೆ ಎಲ್ಲ ನೀನೇ ಮುಂದೆ ನಿಂತು ನಡೆಸ್ತೀಯ, ನಾನು ಮೂಲೇಲಿ ನಿಲ್ಬೇಕು ಅಂತ ಹೊಟ್ಟೆಕಿಚ್ಚು."

ಇಷ್ಟು ನೇರ ಉತ್ತರ ಯಾರಿಗೂ ಬೇಕಾಗಿರಲಿಲ್ಲ. ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡುತ್ತಿದ್ದ. ಉಪದೇಶಿಗಳು ಎದುರು ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದರು. ತುಟಿ ಅಲ್ಲಾಡುತ್ತಿತ್ತು. ಒಬ್ಬ ಮನುಷ್ಯ ಕೂತಲ್ಲೇ ಕುಸ್ತಿ ಮಾಡುವುದನ್ನು ನಾನು ಕಂಡದ್ದು ಅದೇ ಮೊದಲು. ಆ ಮುಖವನ್ನು ಅನುಕರಿಸಲು ನನಗೆ ಇವತ್ತಿಗೂ ಬರುವುದಿಲ್ಲ.

"ಸಿಟ್ಟು ಈಗ್ಲೂ ಇದೆ," ಎಂದರು ಕೊನೆಗೆ. "ಆದ್ರೆ ಅದರ ಮಾತು ಕೇಳಲ್ಲ. ಬಿಟ್ಟೆ, ತಮ್ಮ. ಕರ್ತನ ಮುಂದೆ ಹೇಳ್ತಿದ್ದೀನಿ, ಬಿಟ್ಟೆ. ನಾಳೆ ಬಾ, ಒಟ್ಟಿಗೆ ರೊಟ್ಟಿ ತಗೊಳ್ಳಣ."

"ನಾಳೆ ಡ್ಯೂಟಿ ಇದೆ."

"ರಜೆ ಹಾಕು. ಇಷ್ಟು ವರ್ಷ ನಾನು ರಜೆ ಹಾಕಿದ್ದು ಸಾಕು!"

ತಮ್ಮ ನಗಲು ಹೋಗಿ ಅತ್ತ.

ಭಾನುವಾರ ಅಣ್ಣತಮ್ಮಂದಿರು ಅಕ್ಕಪಕ್ಕ ಮೊಣಕಾಲೂರಿದರು. ರೊಟ್ಟಿ ಬಾಯಿಗಿಟ್ಟುಕೊಂಡು ಎದ್ದ ಉಪದೇಶಿಗಳು ಮದುವೆ ಗಂಡಿನಂತೆ ನಡೆದು ಬಂದು, ಸ್ತೋತ್ರದ ಪ್ರಾರ್ಥನೆಗೆ ನನ್ನ ಕಡೆ ಕೈ ತೋರಿಸಿದರು. ನನ್ನ ಸ್ನೇಹಿತರು ಆಗಲೇ ತುಟಿ ಕಚ್ಚಿಕೊಂಡರು. ನಾನು ಪ್ರಾರ್ಥಿಸುತ್ತಿದ್ದದ್ದು ಯಾವಾಗಲೂ ಪಾದ್ರಿಗಳ ಮೂಗಿನಲ್ಲಿ. ಎದ್ದು ನಿಂತೆ. ಆ ಮೂಗು ಬರಲಿಲ್ಲ. ಬಂದದ್ದು ಆಡಿನಮರಿಯಂಥ ಒಂದು ಸಣ್ಣ ದನಿ. ನನ್ನದೇ. ಅದು ನನ್ನೊಳಗೆ ಇದೆಯೆಂದು ತೋರಿಸಿಕೊಟ್ಟ ಋಣ ಆ ಮನುಷ್ಯನದು.

"ಕರ್ತನೇ," ಎಂದೆ, "ಇವರು ಗೆದ್ದರು. ನನ್ನನ್ನೂ ಗೆಲ್ಲಿಸು."

ಯಾರೂ ನಗಲಿಲ್ಲ. ಉಪದೇಶಿಗಳ "ಆಮೆನ್" ಹೆಂಚು ಹಾರಿಸುವಂತೆ ಎದ್ದಿತು. ಅದರ ಹಿಂದೆಯೇ, ಅದಕ್ಕಿಂತ ಜೋರಾಗಿ, ತಮ್ಮನದು.