ಸುತ್ತಿಗೆಯ ಮೇಜಿಗೆ ಬಂದ ಕರಿ ಬಿಲ್ಲೆ

...ಅದಕ್ಕೇ ಹೇಳಿದ್ದು, ಲೇಸರ್ ಅಕ್ಕನ ಬಲಗೈ ಕುಲುಕಲು ಹೋಗಬೇಡಿ ಅಂತ. ಆ ಕೈಯಲ್ಲಿ ಈಗ ಎರಡು ಬೆರಳಿಲ್ಲ. ಜಜ್ಜಿದವನು ಬೇರೆ ಯಾರೋ ಅಲ್ಲ, ಒಡಹುಟ್ಟಿದ ತಮ್ಮ.

ಇಬ್ಬರಿಗೂ ಸೋಲಾರ್ ಕಾರ್ಖಾನೆಯೊಂದರಲ್ಲಿ ಕೆಲಸ. ಅಕ್ಕನದು ಹಿಂದಿನ ಕೋಣೆ. ಗಂಧಕದ ಅನಿಲ ತುಂಬಿದ ಪೆಟ್ಟಿಗೆಯೊಳಗೆ ಅಂಗೈಯಗಲದ ಸಿಲಿಕಾನ್ ಬಿಲ್ಲೆ ಇಟ್ಟು, ಲೇಸರಿನಿಂದ ಚಟಚಟ ಹೊಡೆಯುತ್ತಾಳೆ. ಒಂದೊಂದು ಏಟಿಗೂ ಬಿಲ್ಲೆಯ ಚರ್ಮ ಕರಗಿ, ಸಿಡಿದು, ಮುಳ್ಳುಮುಳ್ಳಾಗಿ ಏಳುತ್ತದೆ. ಆ ಗಾಯದೊಳಗೆ ಗಂಧಕ ಹೊಕ್ಕು ಕೂರುತ್ತದೆ. ಕನ್ನಡಿಯಂತಿದ್ದದ್ದು ಇದ್ದಿಲಿನಂತಾಗುತ್ತದೆ. ಮಾಮೂಲಿ ಬಿಲ್ಲೆಗಳು ಹಿಡಿಯಲಾರದೆ ಬಿಟ್ಟುಕೊಡುವ ಬೆಳಕನ್ನೂ ಇದು ನುಂಗಬೇಕು ಅನ್ನುವುದು ಅವಳ ಹಟ.

ತಮ್ಮನದು ಮುಂದಿನ ಕೋಣೆ. ಕೆಟ್ಟ ಬಿಲ್ಲೆಯನ್ನು ಯಾರೂ ಹೊರಗೆ ಮಾರಿಕೊಳ್ಳಬಾರದಲ್ಲ, ಅದಕ್ಕೆ ಸುತ್ತಿಗೆಯಿಂದ ಪುಡಿ ಮಾಡುವುದು ಅವನ ಕೆಲಸ. ಕೆಟ್ಟದ್ದು ಯಾವುದು? ಹೊಳೆಯದೇ ಇದ್ದದ್ದು! ಮೇಸ್ತ್ರಿಯ ಕಣ್ಣಿಗೆ ಪಾಸಾದರೆ ಮಾತ್ರ, ಎಷ್ಟು ಬೆಳಕು ನುಂಗುತ್ತದೆ ಅಂತ ಅಳೆಯುವ ಮೀಟರಿಗೆ. ಹಾಗಾಗಿ ಅಕ್ಕನ ಕರಿ ಬಿಲ್ಲೆಗಳಲ್ಲಿ ಒಂದೂ ಮೀಟರಿನ ಮುಖ ಕಂಡಿರಲಿಲ್ಲ. ನಲವತ್ತೊಂದನ್ನು ಅವನೇ ಒಡೆದಿದ್ದ.

ಆವತ್ತು ಉಳಿದದ್ದು ಒಂದೇ. ಸಂಜೆಗೆ ಅವಳ ಯಂತ್ರ ಗುಜರಿಗೆ ಅಂತ ಮೇಸ್ತ್ರಿ ಹೇಳಿಯಾಗಿತ್ತು. ಅಕ್ಕ ಬಿಲ್ಲೆ ಹಿಡಿದು ಸೀದಾ ಮೀಟರಿನ ಕಡೆ ನಡೆದಳು. ಮೇಸ್ತ್ರಿ ಜಡೆ ಹಿಡಿದೆಳೆದ. ಅವಳು ಮೊಣಕೈಯಿಂದ ಮೂಗಿಗೇ ಕೊಟ್ಟಳು. ಅಂಗಿಯೆಲ್ಲ ರಕ್ತ. ಅಷ್ಟಾದರೂ ಅವನು ಬಿಲ್ಲೆ ಕಿತ್ತುಕೊಂಡು ತಮ್ಮನ ಮೇಜಿನ ಮೇಲಿಟ್ಟ.

"ಒಡೆಯೋ! ಬಾಯ್ಬಿಟ್ಕೊಂಡು ಏನ್ ನೋಡ್ತೀಯಾ?"

"ಮುಟ್ಟಿ ನೋಡು, ಕೈ ಮುರಿದ್ಬಿಡ್ತೀನಿ," ಅಂದಳು ಅಕ್ಕ.

"ಸುಟ್ಟು ಕರಕಲಾಗಿದೆ ಕಣೇ ಅಕ್ಕ! ನಿನ್ ಹುಚ್ಚಿಗೆ ನನ್ ಕೆಲ್ಸಾನೂ ಹೋಗುತ್ತೆ!"

ಸುತ್ತಿಗೆ ಇಳಿಯಿತು. ಅವಳು ಎಡಗೈಯಿಂದ ಬಿಲ್ಲೆ ಸೆಳೆದುಕೊಂಡಳು, ಮೇಜಿಗೆ ಊರಿದ್ದ ಬಲಗೈ ಅಲ್ಲೇ ಉಳಿಯಿತು. ಲಟಕ್! ಎರಡು ಬೆರಳು ನುಚ್ಚುನೂರು.

ಅವಳು ಹಲ್ಲು ಕಚ್ಚಿಕೊಂಡು, ದಾರಿಯುದ್ದಕ್ಕೂ ರಕ್ತ ಸುರಿಸುತ್ತ ಹೋಗಿ ಬಿಲ್ಲೆಯನ್ನು ಮೀಟರಿನಲ್ಲಿಟ್ಟಳು. ಹೊಳೆಯುವ ಬಿಲ್ಲೆಗಳು ನೂರರಲ್ಲಿ ಅರವತ್ತೈದು ಪಾಲು ಬೆಳಕು ನುಂಗಿದರೆ ದೊಡ್ಡದು. ಇದು ತೊಂಬತ್ತೈದು!

ತಮ್ಮ ಸುತ್ತಿಗೆ ಬಿಸಾಡಿ ಮೇಸ್ತ್ರಿಯ ಕೊರಳಪಟ್ಟಿಗೆ ಕೈ ಹಾಕಿದ. "ಒಂದಾದ್ರೂ ಅಳೆಯೋಕೆ ಬಿಟ್ಟಿದ್ಯೇನೋ, ಪಾಪಿ?" ಅಂತ ಗೋಡೆಗೆ ಅಪ್ಪಳಿಸಿದ. ಬಿಡಿಸಲು ಮೂರು ಜನ ಬೇಕಾಯಿತು.

ಯಂತ್ರ ಉಳಿಯಿತು. ಈಗ ಮೊದಲು ಮೀಟರು, ಆಮೇಲೆ ಸುತ್ತಿಗೆ. ಮೀಟರಿಗೆ ಬಿಲ್ಲೆ ಇಡುವವನು ತಮ್ಮನೇ, ಕಣ್ಣು ಅಕ್ಕನ ಬಲಗೈ ಮೇಲಿಟ್ಟು ಇವತ್ತಿಗೂ ಓರೆಯಾಗೇ ಇಡುತ್ತಾನೆ.

"ನೆಟ್ಟಗೆ ಇಡೋ," ಅಂತಾಳೆ ಅಕ್ಕ, "ನನ್ ಹತ್ರ ಇನ್ನು ಎಂಟೇ ಬೆರಳು ಇರೋದು."

ನಂಬಿಕೆ ಬರಲಿಲ್ಲವೇ? ಹೋಗಿ ಆ ಹಿಂದಿನ ಕೋಣೆಯ ಬಾಗಿಲು ತಟ್ಟಿ. ಅವಳು ಎಡಗೈ ಚಾಚುತ್ತಾಳೆ, ಸಂಕೋಚಪಡದೆ ಕುಲುಕಿ.