ದೊಡ್ಡಮ್ಮ ಫೈಸ್ಟಿ ಆಗೋದು ಬಿಟ್ಟ ದಿನ

ಫೈಸ್ಟಿ ಅನ್ನೋ ಇಂಗ್ಲಿಷ್ ಪದ ಅಂದ್ರೆ ನಂಗೆ ಭಾರಿ ಇಷ್ಟ. ಫೋನ್ ನೋಡಿ ನೋಡಿ ಕಲ್ತಿದ್ದು. ಆಳು ಚಿಕ್ಕದು, ಗತ್ತು ದೊಡ್ಡದು, ಯಾರಿಗೂ ಬಗ್ಗಲ್ಲ, ಅಂಥೋರಿಗೆ ಹೇಳೋದು. ಆನೆಗೆ ಹೇಳಲ್ಲ. ಆನೆ ಎದುರು ನಿಂತು ಬೊಗಳೋ ಪುಟ್ಟ ನಾಯಿಗೆ ಹೇಳ್ತಾರೆ.

ಕಳಸದ ಹತ್ರ ತೋಟದಲ್ಲಿ ನಮ್ದೊಂದು ಹೋಂಸ್ಟೇ ಇದೆ. ಅಡುಗೆ ದೊಡ್ಡಮ್ಮಂದು. ಅವರು ನನ್ನ ಭುಜದವರೆಗೆ ಬರ್ತಾರೆ, ಅಷ್ಟೆ. ಬೆಂಗಳೂರಿನ ಗೆಸ್ಟ್ ಒಬ್ಬ ಹೋದ್ಮೇಲೆ ರಿವ್ಯೂನಲ್ಲಿ, ಅಡುಗೆ ಮಾಡೋ ಅಮ್ಮ ತುಂಬಾ ಫೈಸ್ಟಿ ಅಂತ ಬರೆದಿದ್ದ. ನಾನು ಖುಷಿಯಲ್ಲಿ ಓಡಿಹೋಗಿ ಓದಿ ಹೇಳ್ದೆ.

"ಹಂಗಂದ್ರೆ ಎಂತ ಮಾರಾಯ್ತಿ?"

"ಮರಿ ಇರೋ ಹೇಂಟೆ ನಾಯಿ ಬಂದ್ರೂ ಮೈಮೇಲೆ ಹೋಗ್ತದಲ್ಲ ದೊಡ್ಡಮ್ಮ, ಹಂಗೆ."

"ಊಟ ಹಾಕಿದ್ದಕ್ಕೆ ಕೋಳಿ ಅಂದ್ನಾ?"

"ಹೊಗಳಿದ್ದು ಅದು."

"ನಾನೆಂತ ಮಾಡ್ದೆ ಅವನಿಗೆ?"

ಮಾಡಿದ್ದು ಇಷ್ಟೆ. ಅವನು ಸಾಕು ಅಂತ ತಟ್ಟೆ ಮೇಲೆ ಕೈ ಅಡ್ಡ ಇಟ್ಟಿದ್ದ. ದೊಡ್ಡಮ್ಮ ಅವನ ಬೆರಳು ಬಿಡಿಸಿ, ಸಂದಿಯಲ್ಲಿ ಬಿಸಿ ಕಡುಬು ಇಳಿಸಿದ್ರು. ನಮ್ಮಲ್ಲಿ ಒತ್ತಾಯ ಮಾಡಿ ಬಡಿಸೋದು ಮರ್ಯಾದೆ. ಅವನಿಗೆ ಅದು ಯುದ್ಧದ ಹಾಗೆ ಕಂಡಿರ್ಬೇಕು ಅಂದೆ.

"ಇನ್ನು ಒತ್ತಾಯ ಇಲ್ಲ. ಕೇಳಿದಷ್ಟೇ ಹಾಕೋದು," ಅಂದ್ರು ದೊಡ್ಡಮ್ಮ.

ಮುಂದಿನ ವಾರ ಬಂದಿದ್ದು ಮೂಡಿಗೆರೆ ಕಡೆಯ ಗಂಡ ಹೆಂಡ್ತಿ. ನಮ್ಮ ಕಡೆಯೋರಿಗೆ ಮೊದಲನೇ ಸಾಕು ಲೆಕ್ಕಕ್ಕಿಲ್ಲ. ಒತ್ತಾಯ ಮಾಡಿದ್ಮೇಲೇನೆ ನಿಜವಾದ ಊಟ ಶುರು. ಒಂದು ಕಡುಬು ಮುಗಿಸಿ ಇಬ್ರೂ "ಸಾಕು, ಸಾಕು" ಅಂದ್ರು.

"ಸರಿ," ಅಂತ ದೊಡ್ಡಮ್ಮ ಪಾತ್ರೆ ಎತ್ಕೊಂಡು ಒಳಗೆ ಹೋಗಿಬಿಟ್ರು.

ಅವರಿಬ್ರೂ ಅಡುಗೆಮನೆ ಬಾಗಿಲನ್ನೇ ನೋಡ್ತಾ ಕೂತ್ರು. ಗಂಡ ಬರೀ ಚಟ್ನಿ ನೆಕ್ಕೋಕೆ ಶುರು ಮಾಡಿದ್ರು. ನಂಗೆ ನೋಡೋಕಾಗ್ಲಿಲ್ಲ, ಒಳಗೆ ಹೋದೆ.

"ದೊಡ್ಡಮ್ಮ, ಅವ್ರಿಗೆ ಹೊಟ್ಟೆ ತುಂಬಿಲ್ಲ."

"ಸಾಕು ಅಂದ್ರಲ್ಲ."

"ಅದು ಸುಮ್ನೆ. ನೀವೂ ನೆಂಟರ ಮನೇಲಿ ಅಂತೀರಲ್ಲ."

"ಆಮೇಲೆ ಇಂಗ್ಲಿಷಲ್ಲಿ ಬರೀತಾರೆ. ಬೇಡ."

ಅಷ್ಟರಲ್ಲಿ ಹೊರಗೆ ಕುರ್ಚಿ ಎಳೆದ ಶಬ್ದ. ಕೈ ತೊಳೆಯೋಕೆ ಎದ್ರು ಅಂತ ಕಾಣ್ತದೆ. ದೊಡ್ಡಮ್ಮನ ಮುಖ ಸಣ್ಣಗಾಯ್ತು. ಅವರ ಕೈ ಊಟ ಉಂಡು ಅರೆಹೊಟ್ಟೇಲಿ ಎದ್ದೋರು ಇಲ್ಲಿವರೆಗೆ ಒಬ್ರೂ ಇಲ್ಲ. ಪಾತ್ರೆ ಹಿಡ್ಕೊಂಡು ಓಡಿಹೋಗಿ ಅವ್ರ ದಾರಿಗೆ ಅಡ್ಡ ನಿಂತ್ರು.

"ಕೂತ್ಕೊಳ್ಳಿ. ನಾನೀಗ ಫೈಸ್ಟಿ ಆಗ್ತೀನಿ. ಆಮೇಲೆ ಬರೀಬಾರ್ದು."

ಆ ಯಜಮಾನ್ರು ಹೆಂಡ್ತಿ ಮುಖ ನೋಡಿದ್ರು. ಪದ ಅರ್ಥ ಆಗಿಲ್ಲ, ಪಾತ್ರೆ ಅರ್ಥ ಆಯ್ತು.

"ಆಗಿ ಅಮ್ಮ, ಏನಾದ್ರೂ ಆಗಿ," ಅಂತ ಕೂತೇಬಿಟ್ರು.

ಆದ್ರೂ ಅಭ್ಯಾಸ ನೋಡಿ, ತಟ್ಟೆ ಮೇಲೆ ಕೈ ಅಡ್ಡ ಇಟ್ರು. ಬೆರಳು ಮಾತ್ರ ಮೊದ್ಲೇ ಅಗಲ ಮಾಡ್ಕೊಂಡಿದ್ರು.